ಫುಲ್ ಡಿಸ್ಟನ್ಸ್ ಟ್ರಯಥ್ಲಾನ್: ಪ್ರೊಗಳ ವಾರಕ್ಕೆ 28 ತಾಸಿನ ಪ್ಲ್ಯಾನ್ ಕಾರವಾರದಲ್ಲಿ ನಡೆದೀತಾ?

ಕೋಡಿಬಾಗ_ಈಜು:
ಎಲ್ಲರಿಗೂ ನಮಸ್ಕಾರ. ಗೋವಾದ ಹಾಫ್ (ಅರ್ಧ ದೂರದ ಟ್ರಯಥ್ಲಾನ್) ಮುಗಿದಿದೆ, ಈಗ ಫುಲ್‌ಗೆ ತಯಾರಿ. 3.8 ಕಿ.ಮೀ. ಈಜು, 180 ಸೈಕಲ್, 42.2 ಓಟ. ಒಬ್ಬ ಪ್ರೊಫೆಶನಲ್‌ನ ವಾರದ ಪಟ್ಟಿ ಸಿಕ್ಕಿದೆ: ಈಜು 22 ಕಿ.ಮೀ., ಸೈಕಲ್ 500, ಓಟ 85, ಒಟ್ಟು 28 ತಾಸು. ನೌಕರಿ ಇಟ್ಟುಕೊಂಡು ಇದರ ಅರ್ಧ ಸಿಕ್ಕರೆ ದೊಡ್ಡದು. ಎಲ್ಲವನ್ನೂ ಅರ್ಧಕ್ಕೆ ಇಳಿಸಿದರೆ ಆಯ್ತಾ? ಸೈಕಲ್‌ಗೆ ಹೈವೇನೋ, ಘಟ್ಟನೋ? ಜೂನ್‌ನಿಂದ ಸಮುದ್ರ ಬಂದ್, ಆಗ ಈಜು ಹೇಗೆ? ಮತ್ತೆ ಈ ಸೆಕೆಯಲ್ಲಿ ಓಟದ ಕೊನೆಯ 15 ಕಿ.ಮೀ.ಗೆ ಕಾಲು ಕೈಕೊಡುತ್ತದಲ್ಲ, ಅದು ಫಿಟ್ನೆಸ್ ಕಡಿಮೆಯೋ, ತಿನ್ನೋದು ಕಡಿಮೆಯೋ, ಮನಸ್ಸಿನ ಸಮಸ್ಯೆಯೋ?

ಕುಮಟಾ_ಬ್ರಿಕ್:
ಅರ್ಧ ಮಾಡಬೇಡಿ, ಎಡವೋದು ಅಲ್ಲೇ. ಆ 28 ತಾಸಿನಲ್ಲಿ ಗಟ್ಟಿ ಕೆಲಸ ನಾಲ್ಕೈದು ತಾಸು ಇದ್ದೀತು. ಉಳಿದದ್ದೆಲ್ಲ ಪಕ್ಕದವರ ಜೊತೆ ಮಾತಾಡುತ್ತ ಹೋಗುವ ವೇಗ. ನೌಕರಿಯವರು ಸಮಯ ಕಡಿಮೆ ಅಂತ ಕತ್ತರಿ ಹಾಕೋದು ಆ ನಿಧಾನದ ಭಾಗಕ್ಕೇ. ಉಳಿದ ಎಲ್ಲ ರೈಡೂ ಏದುಸಿರಿನದ್ದಾಗುತ್ತದೆ, ಮೈಗೆ ಸುಸ್ತು ಉಳಿಯುತ್ತದೆ, ತಳಪಾಯ ಬೆಳೆಯುವುದಿಲ್ಲ. ಇನ್ನೊಂದು, ಪ್ರೊಗಳ ಪಟ್ಟಿಯಲ್ಲಿ ಕಾಣದ್ದು ರಾತ್ರಿಯ ಎಂಟೊಂಬತ್ತು ತಾಸಿನ ನಿದ್ದೆ ಮತ್ತು ಮಧ್ಯಾಹ್ನದ ಮಲಗು. ಆಫೀಸಿನಲ್ಲಿ ಕೂತವನಿಗೆ ಅದೆಲ್ಲಿ ಸಿಗಬೇಕು? ಮೈ ಸುಧಾರಿಸಿಕೊಳ್ಳುವಷ್ಟೇ ಹೊರೆ ಹಾಕಬೇಕು.

12-13 ತಾಸಿಗೆ ಹೀಗೆ ಕೂಡಿಸಿ. ಸೋಮವಾರ ಪೂರ್ತಿ ರಜೆ. ಮಂಗಳವಾರ ಟ್ರೈನರ್ (ಮನೆಯೊಳಗೆ ಸೈಕಲ್ ನಿಲ್ಲಿಸಿ ತುಳಿಯುವ ಸ್ಟ್ಯಾಂಡ್) ಮೇಲೆ ಎಫ್‌ಟಿಪಿಯ (ಸುಮಾರು ಒಂದು ತಾಸು ಎಳೆಯಬಲ್ಲ ಗರಿಷ್ಠ ಪೆಡಲ್ ಶಕ್ತಿ, ವ್ಯಾಟ್ ಲೆಕ್ಕದಲ್ಲಿ) ಶೇ. 95ರಲ್ಲಿ 10 ನಿಮಿಷದ ನಾಲ್ಕು ಸುತ್ತು, ನಡುವೆ 5 ನಿಮಿಷ ಹಗುರ. ಗುರುವಾರ ಓಟ, ಒಂದು ತಾಸು ಎಳೆಯಬಲ್ಲ ವೇಗದಲ್ಲಿ 1 ಕಿ.ಮೀ. ಐದು ಸಲ. ಶನಿವಾರ ನಾಲ್ಕೈದು ತಾಸು ಸೈಕಲ್, ಇಳಿದ ಕೂಡಲೇ 30 ನಿಮಿಷ ಓಟ. ಭಾನುವಾರ ಉದ್ದ ಓಟ, ಎರಡೂಕಾಲು ತಾಸು ದಾಟಿಸಬೇಡಿ. ಈಜು ಒಂದೊಂದು ತಾಸಿನದ್ದು ಮೂರು ಸಲ, ಎಲ್ಲಿ ಸಂದಿ ಸಿಗುತ್ತದೋ ಅಲ್ಲಿ. ಮೂರು ವಾರ ಏರಿಸಿ, ನಾಲ್ಕನೇ ವಾರ ಶೇ. 40ರಷ್ಟು ಇಳಿಸಿ.

ಮನಸ್ಸಿನ ಮಾತಿಗೆ ಬಂದರೆ, ಈ ಕ್ರೀಡೆಯಲ್ಲಿ ಗಟ್ಟಿ ಮನಸ್ಸು ಅಂದರೆ ಹಲ್ಲು ಕಚ್ಚಿ ನುಗ್ಗೋದು ಅಂತ ಎಲ್ಲರ ಲೆಕ್ಕ. ನನ್ನ ಲೆಕ್ಕ ಬೇರೆ. ಹವಾಯಿಯ ಕೋನಾದಲ್ಲಿ ನಡೆಯುವ ಐರನ್‌ಮ್ಯಾನ್ (ಫುಲ್ ಡಿಸ್ಟನ್ಸ್) ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 1989ರಿಂದ 1995ರೊಳಗೆ ಆರು ಸಲ ಗೆದ್ದ ಮಾರ್ಕ್ ಅಲೆನ್ ಅದಕ್ಕೆ ಮುಂಚೆ ಅದೇ ರೇಸಿನಲ್ಲಿ ಮತ್ತೆ ಮತ್ತೆ ಸೋತವರು. ಅವರ ತರಬೇತಿಯ ಬುಡ ಹೃದಯ ಬಡಿತಕ್ಕೆ ಹಾಕಿಕೊಂಡ ಮಿತಿ: 155 ದಾಟಿದರೆ ನಿಧಾನ ಮಾಡೋದು, ಪಕ್ಕದವರು ದಾಟಿ ಹೋದರೂ ಸರಿ. ಮೊದಮೊದಲು ಆ ಮಿತಿಯೊಳಗೆ ಮೈಲಿಗೆ 8 ನಿಮಿಷದ ಮೇಲೆ ಬೇಕಾಗುತ್ತಿದ್ದದ್ದು ಕ್ರಮೇಣ ಐದೂವರೆ ನಿಮಿಷದೊಳಗೆ ಇಳಿಯಿತು. ತಿಂಗಳುಗಟ್ಟಲೆ ನಿಧಾನ ಓಡುವ ಆ ತಾಳ್ಮೆ ಕೊನೆಯ 15 ಕಿ.ಮೀ.ನಲ್ಲಿ ಕೆಲಸಕ್ಕೆ ಬರುತ್ತದೆ. ಹಲ್ಲು ಕಚ್ಚೋದು ಕೊನೆಯ ಐದಕ್ಕೆ ಸಾಕು.

ನಿಮ್ಮ ಕಾಲು ಕೈಕೊಡೋದು ಹೆಚ್ಚಾಗಿ ಸೈಕಲ್ ಮೇಲೇ ನಿಶ್ಚಯವಾಗಿರುತ್ತದೆ. ಎಫ್‌ಟಿಪಿ 220 ಇದ್ದವರು 180 ಕಿ.ಮೀ.ಗೆ 150-158 ವ್ಯಾಟ್‌ನಲ್ಲಿರಬೇಕು. ಮೊದಲ ತಾಸಿನಲ್ಲಿ ಅದು ತೀರಾ ಸುಲಭ ಅನ್ನಿಸುತ್ತದೆ, 175ಕ್ಕೆ ಏರಿಸಿಬಿಡುತ್ತಾರೆ. ಆ ಸಾಲಕ್ಕೆ ಬಡ್ಡಿ ಓಟದ 27ನೇ ಕಿ.ಮೀ.ನಲ್ಲಿ. ನಮ್ಮ ಕರಾವಳಿಯಲ್ಲಿ ಬೆವರು ಆರುವುದಿಲ್ಲ, ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಆರದ ಬೆವರಿನಿಂದ ಮೈ ತಂಪಾಗುವುದಿಲ್ಲ. ಹಾಗಾಗಿ ಅದೇ ವ್ಯಾಟ್‌ಗೂ ಎರಡು ತಾಸಾದ ಮೇಲೆ ಬಡಿತ ಹತ್ತು-ಹದಿನೈದು ಮೇಲೆ ಹೋಗುತ್ತದೆ. ಅಂಥ ದಿನ ವ್ಯಾಟನ್ನು ಶೇ. 5ರಿಂದ 10 ಇಳಿಸಿ, ಬಡಿತದ ಮೇಲೆ ಕಣ್ಣಿಡಿ. ಒಂದು ಲಾಭವೂ ಇದೆ: ಚಳಿ ದೇಶದ ಪ್ರೊಗಳು ರೇಸಿಗೆ ಎರಡು ವಾರ ಮೊದಲೇ ಸೆಕೆಯ ಊರಿಗೆ ಹೋಗಿ ಮೈ ಒಗ್ಗಿಸಿಕೊಳ್ಳುತ್ತಾರೆ, ನಿಮಗೆ ಆ ಖರ್ಚಿಲ್ಲ. ಆದರೆ ಗಟ್ಟಿ ಕೆಲಸವನ್ನು ಏಪ್ರಿಲ್‌ನ ಹಗಲಲ್ಲಿ ಮಾಡಬೇಡಿ, ವ್ಯಾಟೇ ಬರುವುದಿಲ್ಲ. ಬೆಳಿಗ್ಗೆ ಐದಕ್ಕೆ, ಇಲ್ಲ ಫ್ಯಾನಿನ ಎದುರು. ಮಳೆಗಾಲದಲ್ಲಿ ಕರೆಂಟು ಹೋದರೆ ಫ್ಯಾನೂ ಇಲ್ಲ, ಅವತ್ತು ಹಗುರ ರೈಡ್.

ಶಿರಸಿ_ಏರು:
ಹೈವೇ ಮೇಲೆ ಎಷ್ಟು ಅಂತ ಗಾಳಿ ತಿನ್ನೋದು ಮಾರಾಯ್ರೆ. ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ವಾರಕ್ಕೊಂದು ಸಲ ಹತ್ತಿ, ಕಾಲಿಗೆ ಬಲ ತಾನಾಗಿ ಬರುತ್ತದೆ. ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಸುತ್ತು) 55-60ರಲ್ಲಿ, ಕೂತೇ ಹತ್ತಿದರೆ ಜಿಮ್ಮೇ ಬೇಡ. ರಸ್ತೆ ಕಾಮಗಾರಿ ಇರುವಾಗ ಮತ್ತು ಮಳೆಗಾಲದಲ್ಲಿ ಮಾತ್ರ ಬಿಡಿ, ಗುಡ್ಡ ಜರಿಯುವ ಜಾಗ ಅದು. 2024ರ ಜುಲೈನಲ್ಲಿ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಬಿದ್ದದ್ದು ಮರೆಯುವಂಥದ್ದಲ್ಲ.

ಕುಮಟಾ_ಬ್ರಿಕ್:
ಬಲಕ್ಕೆ ಘಟ್ಟ ಒಳ್ಳೆಯದೇ, ಅಲ್ಲ ಅನ್ನೋದಿಲ್ಲ. ಆದರೆ ಅರ್ಧ ದಾರಿ ಇಳಿಜಾರು, ಅಲ್ಲಿ ಪೆಡಲ್ ನಿಂತಿರುತ್ತದೆ. ಸಪಾಟು ಕೋರ್ಸಿನಲ್ಲಿ ಆರು ತಾಸು ಏರೋಬಾರ್ (ಮುಂದಕ್ಕೆ ಚಾಚಿದ ಹ್ಯಾಂಡಲ್) ಮೇಲೆ ಮೊಣಕೈ ಊರಿ, ಪೆಡಲ್ ಬಿಡದೆ ಕೂರಬೇಕು. ಮೊದಲು ಸೋಲೋದು ಕುತ್ತಿಗೆ ಮತ್ತು ಸೊಂಟ. ಕಾಲಿನ ಸರದಿ ಆಮೇಲೆ. ಅದಕ್ಕೆ ಹೈವೇನೇ ಬೇಕು. ಕಾರವಾರದಿಂದ ಕುಮಟಾಕ್ಕೆ ಹೋಗಿ ಬಂದರೆ ಹತ್ತಿರ ಹತ್ತಿರ 140 ಕಿ.ಮೀ. ಬಿಣಗಾ ಕಡೆಯ ಸುರಂಗದಲ್ಲಿ ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ, ಏರೋಬಾರ್ ಬಿಟ್ಟು ಬ್ರೇಕ್ ಮೇಲೆ ಕೈ ಇರಲಿ. ಒಳಗೆ ಹೋದ ಕೂಡಲೇ ಕಣ್ಣಿಗೆ ಗುಂಡಿ ಕಾಣುವುದಿಲ್ಲ. ಘಟ್ಟ ತಿಂಗಳಿಗೆ ಎರಡು ಸಲ ಸಾಕು.

ಬೈತಖೋಲ್_ಅಲೆ:
ಈಜಿನ ಬಗ್ಗೆ ನಾನು ಹೇಳ್ತೆ. ತಮಾ, ಕೋಡಿಬಾಗದವ ಅಂದ್ಮೇಲೆ ನಿಂಗೆ ಗೊತ್ತಿರಬೇಕು, ಆದರೂ ಬೇರೆಯವರು ಓದ್ತಾರೆ ಅಂತ ಬರೀತಿದ್ದೆ. ಕಾಳಿ ನದಿ ಸಮುದ್ರ ಸೇರುವ ಬಾಯಿಯ ಹತ್ತಿರ ಇಳಿತದ ಹೊತ್ತಿಗೆ ನೀರಿಗಿಳಿಯಬೇಡ. ಹೊಳೆಯ ಹರಿವು, ಇಳಿತದ ಸೆಳೆತ ಎರಡೂ ಕೂಡಿ ಹೊರಗೆ ಒಯ್ಯುತ್ತವೆ. ಟಾಗೋರ್ ಬೀಚಿನ ಎದುರು, ಭರತದ ಆಚೀಚೆ ಅರ್ಧ ತಾಸು ನೀರು ನಿಂತಂತಿರುತ್ತದೆ, ಅದೇ ಹೊತ್ತು. ಭರತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ವಾರದ ಈಜನ್ನು ಪಂಚಾಂಗ ನೋಡಿ ಹಾಕಿಕೊ. ದಡಕ್ಕೆ ಸಮಾನಾಂತರ ಈಜು, ಸೊಂಟಕ್ಕೆ ಕಿತ್ತಳೆ ತೇಲುಬುರುಡೆ, ದಡದಲ್ಲಿ ಒಬ್ಬ. ಅರ್ಗಾ ಕಡೆ ನೌಕಾನೆಲೆಯ ನೀರು, ಆ ದಿಕ್ಕಿಗೇ ಬೇಡ. ಲೋಳೆಮೀನು ತಾಗಿದರೆ ಮರಳು ತಿಕ್ಕೋದು, ಸಿಹಿನೀರು ಹಾಕೋದು ಮಾಡಬೇಡ. ಸಮುದ್ರದ ನೀರಲ್ಲೇ ತೊಳೆ.

ವೆಟ್‌ಸೂಟ್ (ಮೈ ತೇಲಿಸುವ ರಬ್ಬರ್ ಈಜುಡುಪು) ನಂಬಿಕೊಂಡು ಕೂರಬೇಡ. ಐರನ್‌ಮ್ಯಾನ್ ನಿಯಮದಲ್ಲಿ ನೀರು 24.5 ಡಿಗ್ರಿಗಿಂತ ಬಿಸಿ ಇದ್ದರೆ ಅದನ್ನು ಹಾಕಿ ಬಹುಮಾನಕ್ಕೆ ಸ್ಪರ್ಧಿಸುವಂತಿಲ್ಲ, ನಮ್ಮ ಕಡಲು ಅದಕ್ಕಿಂತ ಬೆಚ್ಚಗೆ. ವೆಟ್‌ಸೂಟ್ ಇಲ್ಲದೆ ಕಾಲು ಮುಳುಗುತ್ತದೆ, ಮುಳುಗಿದ ಕಾಲು ಎಳೆದುಕೊಂಡು 3.8 ಕಿ.ಮೀ. ಹೋದರೆ ತೋಳು ಸತ್ತೇಹೋಯ್ತು. ಕಾಲ ನಡುವೆ ತೇಲುವ ಪುಲ್ ಬಾಯ್ ಇಟ್ಟು ಈಜುವ ಚಟ ಬಿಡು, ತಲೆ ತಗ್ಗಿಸು, ಆಗ ಸೊಂಟ ಮೇಲೆ ಬರುತ್ತದೆ. ಗುರುತು ನೋಡಲಿಕ್ಕೆ ಎಂಟು-ಹತ್ತು ಕೈಗೊಮ್ಮೆ ಕಣ್ಣು ನೀರಿನ ಮೇಲೆ ಬಂದರೆ ಸಾಕು, ಪೂರ್ತಿ ತಲೆ ಎತ್ತಿದರೆ ಮತ್ತೆ ಕಾಲು ಕೆಳಗೆ.

ಮಳೆಗಾಲದ ಎರಡು ತಿಂಗಳು ಯಾಂತ್ರಿಕ ದೋಣಿಗೇ ಮೀನುಗಾರಿಕೆ ನಿಷೇಧ ಇರುತ್ತದೆ, ನಮ್ಮ ಈಜಿಗೆ ಕಡಲು ಬಿಡ್ತದಾ? ಕೊಳ ಸಿಕ್ಕರೆ 100 ಮೀಟರ್ 20 ಸಲ, ನಡುವೆ 10 ಸೆಕೆಂಡ್. ಸಿಗದಿದ್ದರೆ ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ, ಬಗ್ಗಿ ನಿಂತು, ಮೊಣಕೈ ಎತ್ತರಕ್ಕಿಟ್ಟು ಒಂದು ನಿಮಿಷದ ಎಳೆತ ಹತ್ತು ಸಲ, ವಾರಕ್ಕೆ ನಾಲ್ಕು ದಿನ. ದಾಂಡೇಲಿ ಕಡೆ ಹೊಳೆಯಲ್ಲಿ ಈಜುತ್ತೆ ಅನ್ನುವವರಿಗೆ: ಅಲ್ಲಿ ಮೊಸಳೆ ಇವೆ.

ಕೋಡಿಬಾಗ_ಈಜು:
ತುಂಬ ಉಪಕಾರ. ತಿನ್ನೋದರ ಲೆಕ್ಕ ಯಾರಾದರೂ ಗ್ರಾಮಿನಲ್ಲಿ ಹೇಳಿ. ಎನರ್ಜಿ ಜೆಲ್ ದುಬಾರಿ. ಜೋನಿಬೆಲ್ಲ ನಡೆಯುತ್ತದಾ?

ಕುಮಟಾ_ಬ್ರಿಕ್:
ಜೋನಿಬೆಲ್ಲ ದೋಸೆಗೆ ಇರಲಿ. ಒಂದೊಂದು ಡಬ್ಬಿಯದ್ದು ಒಂದೊಂದು ಗಟ್ಟಿ, ಎಷ್ಟು ಸಕ್ಕರೆ ಹೋಯಿತು ಅಂತ ಲೆಕ್ಕ ಸಿಗುವುದಿಲ್ಲ. ಮಾಮೂಲಿ ಸಕ್ಕರೆ ಸಾಕು. ಅಂಗಡಿಯ ಗ್ಲೂಕೋಸ್ ಪುಡಿ ಒಂದನ್ನೇ ಹಾಕಿದರೆ ಕರುಳು ತಾಸಿಗೆ ಹೆಚ್ಚೆಂದರೆ 60 ಗ್ರಾಂ ಎಳೆದುಕೊಳ್ಳುತ್ತದೆ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸ್ ಹೋಗುವ ದಾರಿ ಬೇರೆ, ಹಾಗಾಗಿ 80-90ರವರೆಗೂ ದಕ್ಕುತ್ತದೆ.

ತಾಸಿಗೆ 750 ಮಿ.ಲೀ. ಬಾಟಲಿ ಒಂದು: ಸಕ್ಕರೆ 60 ಗ್ರಾಂ, ಉಪ್ಪು ಒಂದೂವರೆ ಗ್ರಾಂ (ಸೋಡಿಯಂ ಸುಮಾರು 600 ಮಿ.ಗ್ರಾಂ), ರುಚಿಗೆ ಲಿಂಬು ಇಲ್ಲವೇ ಮುರುಗಲು. ಜೊತೆಗೆ ಒಂದು ಬಾಳೆಹಣ್ಣು, ಬಾಯಾರಿದರೆ ಬರೀ ನೀರು. ಇದಕ್ಕಿಂತ ಗಟ್ಟಿ ಕದಡಿದರೆ ಹೊಟ್ಟೆಯಲ್ಲೇ ನಿಲ್ಲುತ್ತದೆ. ಮೊದಲ ದಿನವೇ 80 ಗ್ರಾಂಗೆ ಹಾರಬೇಡಿ. 40ರಿಂದ ಶುರು, ಎರಡು ವಾರಕ್ಕೊಮ್ಮೆ 10 ಏರಿಸಿ. ಕರುಳಿಗೂ ತಾಲೀಮು ಬೇಕು.

ನಿಮ್ಮ ಬೆವರು ಎಷ್ಟು ಅಂತ ಅಳೆಯಿರಿ: ಬಟ್ಟೆ ಇಲ್ಲದೆ ತೂಗಿ, ಒಂದು ತಾಸು ರೇಸ್ ವೇಗದಲ್ಲಿ ಹೋಗಿ ಬನ್ನಿ, ಒರೆಸಿಕೊಂಡು ಮತ್ತೆ ತೂಗಿ. ಇಳಿದ ಕೆ.ಜಿ.ಗೆ ಕುಡಿದ ಲೀಟರ್ ಕೂಡಿಸಿ. ಒಂದೂವರೆ ಬಂದರೆ ಅಷ್ಟನ್ನೂ ಕುಡಿಯಲು ಹೋಗಬೇಡಿ, ಹೊಟ್ಟೆ ಹಿಡಿಯುವುದಿಲ್ಲ. ಉಪ್ಪಿಲ್ಲದೆ ಬರೀ ನೀರೇ ಕುಡಿದು ತೂಕ ಏರಿದರೆ ಅದು ಇನ್ನೂ ಅಪಾಯ, ರಕ್ತದ ಸೋಡಿಯಂ ಇಳಿದು ತಲೆ ತಿರುಗಿ ವಾಂತಿ ಶುರುವಾಗುತ್ತದೆ.

ರೇಸಿನಲ್ಲಿ ಹೊಟ್ಟೆ ಉಬ್ಬಿದರೆ ಏನು ಮಾಡಬೇಕು ಅಂತ ಮನೆಯಲ್ಲೇ ಬರೆದಿಡಿ. ಮನಸ್ಸಿನ ಸಮಸ್ಯೆಯೋ ಅಂತ ಕೇಳಿದಿರಲ್ಲ, ದೊಡ್ಡ ಪ್ರೊಗಳ ಗಟ್ಟಿ ಮನಸ್ಸಿನ ಬಹುಪಾಲು ಇದೇ: ದಣಿದ ತಲೆಗೆ ನಿರ್ಧಾರದ ಕೆಲಸ ಕೊಡದಿರುವುದು. 20 ನಿಮಿಷ ವ್ಯಾಟ್ 15-20 ಇಳಿಸು, ತಿನ್ನೋದು ನಿಲ್ಲಿಸು, ನೀರು ಗುಟುಕು ಗುಟುಕು. ರಕ್ತ ಕಾಲಿಂದ ಹೊಟ್ಟೆಗೆ ಮರಳಿದರೆ ತಾನಾಗಿ ಇಳಿಯುತ್ತದೆ, ಆಮೇಲೆ ಅರ್ಧ ಪ್ರಮಾಣದಿಂದ ಮತ್ತೆ ಶುರು. ಓಟದಲ್ಲಿ ಪ್ರತಿ ನೀರಿನ ಸ್ಟಾಲಿನಲ್ಲಿ 20-30 ಸೆಕೆಂಡ್ ನಡೆಯಿರಿ, ಮೊದಲನೆಯದರಿಂದಲೇ. ಕಾಲು ಸೋತ ಮೇಲೆ ನಡೆಯಲು ಶುರು ಮಾಡಿದರೆ ಮತ್ತೆ ಓಟಕ್ಕೆ ಬರೋದು ಕಷ್ಟ.

ಸದಾಶಿವಗಡ_ಸ್ಪ್ಯಾನರ್:
ಯಾರೂ ಸೈಕಲ್ ಬಗ್ಗೆ ಬರೆದಿಲ್ಲ. ಉಪ್ಪುಗಾಳಿಗೆ, ಅದಕ್ಕಿಂತ ಹೆಚ್ಚಾಗಿ ಬೆವರಿಗೆ ಸೈಕಲ್ ಸಾಯುತ್ತದೆ. ಟ್ರೈನರ್ ಮೇಲೆ ಎರಡು ತಾಸು ಕೂತರೆ ಬೆವರೆಲ್ಲ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬೋಲ್ಟಿನ ಮೇಲೇ ತೊಟ್ಟಿಕ್ಕುತ್ತದೆ, ಟವೆಲ್ ಹಾಸಿ. ಹ್ಯಾಂಡಲ್ ಟೇಪಿನ ಒಳಗೆ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತ ಹೋಗುತ್ತದೆ, ಹೊರಗಿಂದ ಗೊತ್ತೇ ಆಗುವುದಿಲ್ಲ, ಒಂದು ದಿನ ಬಾರ್ ಮುರಿಯುತ್ತದೆ. ಮಳೆಗಾಲ ಮುಗಿದ ಮೇಲೆ ಟೇಪ್ ಬಿಚ್ಚಿ ನೋಡಲೇಬೇಕು. ಸೀಟ್‌ಪೋಸ್ಟ್ ತಿಂಗಳಿಗೊಮ್ಮೆ ಹೊರಗೆ ತೆಗೆದು ಒರೆಸಿ, ಲೋಹದ್ದಾದರೆ ಗ್ರೀಸ್, ಕಾರ್ಬನ್ ಆದರೆ ಕಾರ್ಬನ್ ಪೇಸ್ಟ್. ಬಿಟ್ಟರೆ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಗರಗಸವೇ ಗತಿ.

ರೈಡ್ ಮುಗಿದ ಮೇಲೆ ಸಿಹಿನೀರು ಸುರಿದು ತೊಳೆಯಿರಿ, ಪ್ರೆಶರ್ ಪೈಪ್ ಬೇಡ, ಬೇರಿಂಗ್ ಒಳಗೆ ನೀರು ನುಗ್ಗುತ್ತದೆ. ಚೈನ್ ಒರೆಸಿ ಪೂರ್ತಿ ಒಣಗಿದ ಮೇಲೆ ಎಣ್ಣೆ. 11, 12 ಸ್ಪೀಡಿನ ಚೈನ್ ಶೇ. 0.5 ಸವೆದರೆ ಬದಲಿಸಿ, ಇಲ್ಲದಿದ್ದರೆ ಕ್ಯಾಸೆಟ್ಟೂ (ಹಿಂದಿನ ಗಾಲಿಯ ಗೇರ್ ಹಲ್ಲುಚಕ್ರಗಳು) ಹೋಗುತ್ತದೆ. ರೇಸಿಗೆ ಹೊಸ ಚೈನ್ ಹಾಕೋದಿದ್ದರೆ ಎರಡು ವಾರ ಮೊದಲೇ ಹಾಕಿ ಒಂದು ಉದ್ದ ರೈಡ್ ಮುಗಿಸಿ. ನಿಮ್ಮ ಫ್ರೇಮಿಗೆ ಕೂಡುವ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿಸುವ ಕೊಂಡಿ) ಒಂದು ಹೆಚ್ಚಿಗೆ ಬ್ಯಾಗಿನಲ್ಲಿರಲಿ. ಪ್ಯಾಕಿಂಗ್‌ನಲ್ಲಿ ಮೊದಲು ಬಾಗೋದು ಅದೇ, ಫ್ರೇಮಿಗೊಂದು ಅಳತೆ ಇರುವುದರಿಂದ ಹೋದ ಊರಿನಲ್ಲಿ ಸಿಕ್ಕೀತು ಅಂತ ಹೇಳಲಾಗದು.