ಪದ ಬೇಕು: ಹಳೆಯ ಬೇಸ್‌ಬಾಲ್ ಕಾರ್ಡಿನ ‘ಪೋರ್ಟ್ರೇಟ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆಯೊಳಗೆ ಒಂದು ಅನುವಾದ ಕೊಡಬೇಕು, ಒಂದು ಪದ ಸಿಗದೆ ನಿಂತಿದೆ. 1886ರಿಂದ 1890ರವರೆಗೆ ನ್ಯೂಯಾರ್ಕಿನ ಗುಡ್‌ವಿನ್ ಕಂಪನಿ ಓಲ್ಡ್ ಜಡ್ಜ್ ಸಿಗರೇಟಿನ ಜೊತೆ ಬೇಸ್‌ಬಾಲ್ ಆಟಗಾರರ ಕಾರ್ಡು ಕೊಡುತ್ತಿತ್ತು. ಅಚ್ಚು ಹಾಕಿದ್ದಲ್ಲ, ನಿಜವಾದ ಫೋಟೊವನ್ನೇ ರಟ್ಟಿಗೆ ಅಂಟಿಸಿದ್ದು. ಮೂಲದಲ್ಲಿ ಇವನ್ನು ‘ಪೋರ್ಟ್ರೇಟ್’ ಅಂದಿದ್ದಾರೆ. ‘ಭಾವಚಿತ್ರ’ ಅಂದರೆ ಆಗುತ್ತದಾ? ನನಗೆ ಯಾಕೋ ಸಮಾಧಾನವಿಲ್ಲ.

ಮರು:
ಆಗುವುದಿಲ್ಲ. ಭಾವಚಿತ್ರ ಅಂದ ಮೇಲೆ ಭಾವ ಕಾಣಬೇಕು. ‘ಮೊಗತಿಟ್ಟ’ ಬಳಸಿ, ಮೊಗ ಅಂದರೆ ಮುಖ, ತಿಟ್ಟ ಅಂದರೆ ಚಿತ್ರ. ನಮ್ಮದೇ ಪದ ಇರುವಾಗ ಸಾಲ ಯಾಕೆ?

ಮರು:
ಅರ್ಜಿಯಲ್ಲಿ ‘ಇತ್ತೀಚಿನ ಭಾವಚಿತ್ರ ಅಂಟಿಸಿ’ ಅಂತಿರುತ್ತದಲ್ಲ, ಅಲ್ಲಿ ಯಾವ ಭಾವ ಕೇಳುತ್ತಾರೆ? ಸುಮ್ನೆ ಪದ ಒಡೆದು ಅರ್ಥ ಹೇಳಬೇಡಿ.

ಆ ಕಾರ್ಡು ನೋಡಿದ್ದೀರಾ? ಎತ್ತರ 2.5 ಇಂಚು, ಅಗಲ 1.5. ಸ್ಟುಡಿಯೊ ಒಳಗೆ, ಬಣ್ಣ ಬಳಿದ ಪರದೆ ಮುಂದೆ ಆಟಗಾರ ನಿಂತಿರುತ್ತಾನೆ. ತಲೆಯಿಂದ ಕಾಲಿನವರೆಗೂ ಕಾಣುತ್ತಾನೆ. ಎರಡೂ ಕೈ ಎತ್ತಿ ಚೆಂಡು ಹಿಡಿಯಲು ನೋಡುತ್ತಿರುತ್ತಾನೆ. ಆ ಚೆಂಡು ದಾರದಲ್ಲಿ ಇಳಿಬಿಟ್ಟಿದ್ದು! ಕೆಲವು ಕಾರ್ಡಿನಲ್ಲಿ ದಾರವೂ ಕಾಣುತ್ತದೆ. ಮುಖ ಕಡಲೆಕಾಳಿನಷ್ಟು. ಇದಕ್ಕೆ ಮೊಗತಿಟ್ಟ ಅಂದರೆ ಹೊಂದುತ್ತದಾ? ನಮ್ಮ ಕಡೆ ಹೊಸದಾಗಿ ಮದುವೆಯಾದವರು ಸ್ಟುಡಿಯೊಗೆ ಹೋಗಿ, ಇಂಥದೇ ಪರದೆ ಮುಂದೆ ನಿಂತು ‘ಪಟ ತೆಗೆಸಿಕೊಂಡು’ ಬರುತ್ತಿದ್ದರು. ಇದೂ ಅದೇ. ‘ಪಟ’ ಅನ್ನಿ.

ಮರು:
ಪಟವೂ ಸಂಸ್ಕೃತದ್ದೇ, ಬಟ್ಟೆ ಅಂತ ಅರ್ಥ. ಒಂದು ಸಾಲ ತೀರಿಸಲು ಇನ್ನೊಂದು ಸಾಲ. ಹೀಗೇ ಹೋದರೆ ಕನ್ನಡದಲ್ಲಿ ಕನ್ನಡದ್ದು ಏನು ಉಳಿಯುತ್ತದೆ?

ಮರು:
ನಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ದೇವರ ಪಟ, ಗಾಳಿಪಟ ಎರಡೂ ಅವರ ಬಾಯಲ್ಲಿದ್ದವು. ತಿಟ್ಟ ಅನ್ನುವ ಪದ ನಾನು ಕೇಳಿದ್ದೇ ನಿಮ್ಮಂಥವರಿಂದ. ಅಜ್ಜಿ ಆಡಿದ್ದು ಕನ್ನಡ ಅಲ್ವಾ?

ಮರು:
ಜಗಳ ಆಮೇಲೆ ಮುಂದುವರಿಸಿ, ನನಗೆ ಹೊತ್ತಾಗುತ್ತಿದೆ. ಲೇಖನದಲ್ಲಿ ಮುಂದೆ ಹೋನಸ್ ವ್ಯಾಗ್ನರ್ ಅನ್ನುವ ಆಟಗಾರನ ಕಾರ್ಡು ಬರುತ್ತದೆ, 1909ರಲ್ಲಿ ಶುರುವಾದ ಟಿ206 ಅನ್ನುವ ಸಿಗರೇಟು ಕಾರ್ಡುಗಳ ಸಾಲಿನದು. ಕಾರ್ಲ್ ಹಾರ್ನರ್ ತೆಗೆದ ಫೋಟೊ ನೋಡಿ ಬಣ್ಣದಲ್ಲಿ ಕಲ್ಲಚ್ಚು ಹಾಕಿದ್ದು. ಅದರಲ್ಲಿ ಎದೆಯಿಂದ ಮೇಲೆ ಮಾತ್ರ ಇದೆ, ಮುಖವೇ ಜಾಸ್ತಿ. ಅದಕ್ಕೆ ‘ಭಾವಚಿತ್ರ’ ಇರಲಿ. ದಾರದ ಚೆಂಡಿನವರಿಗೆ ‘ಸ್ಟುಡಿಯೊ ಪಟ’ ಅಂತ ಹಾಕಿ ಕಳಿಸುತ್ತಿದ್ದೇನೆ. ಪಟ ನೆನಪಿಸಿದವರಿಗೆ ತುಂಬಾ ಥ್ಯಾಂಕ್ಸ್.