ಬಿಸಿಲೂ ಜಾಸ್ತಿ, ನೆರೆಯೂ ಜಾಸ್ತಿ. ಎರಡೂ ಒಟ್ಟಿಗೆ ಹೇಗೆ?

ಭೀಮಾ ದಂಡೆ, ಅಫಜಲಪುರ
ನಮ್ಮದು ಎರೆ ಹೊಲ, ತೊಗರಿ. ಮಳೆ ಬಂದ ದಿನ ಅಪ್ಪ ಗೋಡೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತಿದ್ದರು, ನಾನೂ ಬಿಟ್ಟಿಲ್ಲ. ಹಳೆಯ ಕ್ಯಾಲೆಂಡರುಗಳಲ್ಲಿ ಮಿರಗದಿಂದ ಹಸ್ತದವರೆಗೆ, ಅಂದರೆ ಜೂನಿನಿಂದ ಅಕ್ಟೋಬರಿನವರೆಗೆ, ಸುತ್ತುಗಳು ಹರಡಿಕೊಂಡಿವೆ. ಈಗಿನವುಗಳಲ್ಲಿ ವಾರಗಟ್ಟಲೆ ಖಾಲಿ, ಆಮೇಲೆ ಒಂದೇ ಕಡೆ ಸಾಲಾಗಿ ನಾಲ್ಕು. ಮಳೆ ಕೈಕೊಟ್ಟಾಗ ಹೊಲ ಬಿರಿದು ಅಂಗೈ ನೆಟ್ಟಗೆ ಒಳಗೆ ಹೋಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಅದೇ ಹೊಲದಲ್ಲಿ ಮೊಣಕಾಲುದ್ದ ನೀರು. ನೀರು ಇಳಿದ ಮೇಲೆ ಗಿಡ ಹಸಿರಾಗಿಯೇ ಇತ್ತು. ಎಳೆದು ನೋಡಿದೆ, ಬೇರಿನ ಸಿಪ್ಪೆ ಕಪ್ಪಗಾಗಿ ಕೈಗೆ ಬಂತು. ಭೂಮಿ ಬಿಸಿಯಾದರೆ ಬರ ಬರಬೇಕಲ್ವಾ, ನೆರೆ ಯಾಕೆ?

ವಿಜ್ಞಾನ ಮಾಸ್ತರ, ಯಾದಗಿರಿ
ಅಣ್ಣಾ, ಎರಡಕ್ಕೂ ಬೇರು ಒಂದೇ. ಗಾಳಿ 1 ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿಯಬಲ್ಲದು. ಮೇ ತಿಂಗಳಲ್ಲಿ ಹಗ್ಗದ ಮೇಲಿನ ಧೋತರ ನೋಡುನೋಡುತ್ತಲೇ ಒಣಗುತ್ತದಲ್ಲ, ನಿಮ್ಮ ಹೊಲದ ತೇವವೂ ಹಾಗೇ ಹೋಗುತ್ತದೆ. ಅದೇ ಬಿಸಿ ಗಾಳಿ ಸಮುದ್ರದ ಮೇಲಿಂದ ಬರುವಾಗ ನೀರನ್ನೂ ಜಾಸ್ತಿ ಹೊತ್ತು ತರುತ್ತದೆ. 2020ರಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ದಾಟಿ, ತೆಲಂಗಾಣದ ಮೇಲಿಂದ ನಮ್ಮ ಕಡೆ, ಮಹಾರಾಷ್ಟ್ರದ ಕಡೆ ಬಂತು. ಮಹಾರಾಷ್ಟ್ರದಲ್ಲಿ ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟೆಯ ನೀರೂ ಸೇರಿತು. ಇಂಥ ಕುಸಿತಗಳು ಹಿಂದೆಯೂ ಬರುತ್ತಿದ್ದವು. ಈಗ ಅವುಗಳ ಹೊರೆ ಭಾರವಾಗಿದೆ.

ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲಿ ಕೊಟ್ಟ ಲೆಕ್ಕ ನೋಡಿ. 1850–1900ರ ಕಾಲದಲ್ಲಿ 10 ವರ್ಷಕ್ಕೊಮ್ಮೆ ಬರುತ್ತಿದ್ದ ವಿಪರೀತ ಧಗೆ ಈಗ ಅದೇ 10 ವರ್ಷದಲ್ಲಿ 2.8 ಸಲ, ವಿಪರೀತ ಮಳೆ 1.3 ಸಲ. ಅಂದರೆ ಧಗೆಯೇ ಬೇಗ ಏರುತ್ತಿದೆ.

ಶಹಾಬಾದಿನ ಅಕ್ಕ
ಧಗೆಯ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮದು ಪರಸಿ ಕಲ್ಲಿನ ಮನೆ. ಏಪ್ರಿಲಿನಲ್ಲಿ ರಾತ್ರಿ ಹತ್ತಕ್ಕೂ ಗೋಡೆಗೆ ಬೆನ್ನು ಹಚ್ಚಲಾಗದು. ಮನೆಯವರು ಕಲ್ಲಿನ ಖಣಿಗೆ ಹೋಗುತ್ತಾರೆ. ನಮ್ಮಂಥ ಬಯಲುಸೀಮೆಯಲ್ಲಿ 40 ದಾಟಿ, ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇದ್ದರೆ ಹವಾಮಾನ ಇಲಾಖೆ ಬಿಸಿಗಾಳಿ ಎನ್ನುತ್ತದೆ, ಇಲ್ಲವಾದರೆ 45 ಮುಟ್ಟಬೇಕು. ನಮ್ಮಲ್ಲಿ 40ರ ಆಸುಪಾಸೇ ವಾಡಿಕೆ. ಹಾಗಾಗಿ 43 ಆದರೂ ಎಚ್ಚರಿಕೆ ಬರುವುದಿಲ್ಲ, ಕೆಲಸವೂ ನಿಲ್ಲುವುದಿಲ್ಲ. ರಾತ್ರಿ ಮೈ ತಣಿಯದವರು ಬೆಳಿಗ್ಗೆ ಮತ್ತೆ ಅದೇ ಕಲ್ಲಿನ ಮುಂದೆ ಕೂರಬೇಕು. ಇದನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯಬೇಕು.

ಬೀದರ ರೈತ
ಅಫಜಲಪುರದ ಅಣ್ಣಾ, ನದಿಯ ನೆರೆಗೆ ನನ್ನ ಹತ್ತಿರ ಮದ್ದಿಲ್ಲ. ಹೊಲದಲ್ಲೇ ನಿಲ್ಲುವ ಮಳೆನೀರಿಗೆ ಇದೆ. ಅಗಲ ಮಡಿ ಮಾಡಿ, ನಡುನಡುವೆ ಕಾಲುವೆ ಬಿಟ್ಟು ತೊಗರಿ ಬಿತ್ತಿ. ಎರೆ ಭೂಮಿಗೆಂದೇ ಹೈದರಾಬಾದ್ ಹತ್ತಿರದ ಪಟಾಂಚೆರುವಿನ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ಪದ್ಧತಿ ಇದು. ಹೆಚ್ಚಿನ ನೀರು ಕಾಲುವೆ ಹಿಡಿಯುತ್ತದೆ, ಮಡಿಯಲ್ಲಿ ತೇವ ಉಳಿಯುತ್ತದೆ.

ಭೀಮಾ ದಂಡೆ, ಅಫಜಲಪುರ
ಮಾಸ್ತರರಿಗೆ, ಎಲ್ಲರಿಗೂ ಶರಣು. ಅಕ್ಕಾ, ನಿಮ್ಮ ಮಾತು ನಮ್ಮ ಪಂಚಾಯಿತಿ ಸಭೆಯಲ್ಲಿ ಎತ್ತುತ್ತೇನೆ. ಬೀದರದ ತಮ್ಮಾ, ನನ್ನ ಹೊಲ ಹಳ್ಳದ ಕಡೆ ಇಳಿದಿದೆ. ಕಾಲುವೆ ಇಳಿಜಾರಿನ ಉದ್ದಕ್ಕೆ ಬಿಡಲೋ, ಅಡ್ಡಕ್ಕೋ?

ಬೀದರ ರೈತ
ಅಡ್ಡಕ್ಕೆ, ತುಸು ಓರೆಯಾಗಿ. ನೇರ ಇಳಿಸಿದರೆ ಮಣ್ಣೂ ಹಳ್ಳ ಸೇರುತ್ತದೆ.