ರೇಸ್ ಮಧ್ಯೆ ಎಲ್ಲ ಕೈಕೊಟ್ಟಾಗ ಗಾಬರಿಯಾಗದೆ ಇರುವುದು ಹೇಗೆ?

ಕೋಥ್ರೂಡ್ ಧಾರವಾಡಿಗ:

ನಮಸ್ಕಾರ ಎಲ್ಲರಿಗೂ. ಊರು ಧಾರವಾಡ, ಒಂಬತ್ತು ವರ್ಷದಿಂದ ಪುಣೆಯಲ್ಲಿದ್ದೇನೆ. ಹೋದ ತಿಂಗಳು ಗೋವಾದಲ್ಲಿ ನನ್ನ ಮೊದಲ ಹಾಫ್ ಟ್ರಯಾಥ್ಲಾನ್ ಇತ್ತು. ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಮುಗಿಸಲು ಆಗಲಿಲ್ಲ.

ಎಂಟು ತಿಂಗಳು ಬೆವರು ಸುರಿಸಿದ್ದೆ. ವಾರಕ್ಕೆ ಎರಡು ದಿನ ಬೆಳಗಿನ ಜಾವ ಹಳೇ ಕಾತ್ರಜ್ ಘಾಟ್, ಭಾನುವಾರ ಸಿಂಹಗಡ. ಕಾಲಲ್ಲಿ ಬಲ ಇತ್ತು. ಈಜು ಶುರುವಾಗಿ ಐದು ನಿಮಿಷಕ್ಕೇ ಮುಂದಿದ್ದವರ ಹಿಮ್ಮಡಿ ನನ್ನ ಗಾಗಲ್ಸ್‌ಗೆ ಬಡಿದು ಉಪ್ಪುನೀರು ಒಳಗೆ ಹೋಯಿತು, ಎದೆ ಹಿಡಿದುಕೊಂಡ ಹಾಗಾಯಿತು, ಹೇಗೋ ತಲೆ ಮೇಲೆತ್ತಿಕೊಂಡೇ ಕೈ ಬಡಿದು ದಡ ಸೇರಿದೆ. ಅಷ್ಟರಲ್ಲೇ ಮನಸ್ಸು ಅರ್ಧ ಸೋತಿತ್ತು.

ಸೈಕಲ್‌ನಲ್ಲಿ 52ನೇ ಕಿ.ಮೀ.ಗೆ ಹಿಂದಿನ ಚಕ್ರ ಪಂಕ್ಚರ್. ಟ್ಯೂಬ್ ಬದಲಿಸುವುದನ್ನು ವಿಡಿಯೊದಲ್ಲಿ ನೋಡಿದ್ದೆ, ಮುಂದಿನ ಚಕ್ರಕ್ಕೆ ಒಂದು ಸಲ ಮಾಡಿಯೂ ಇದ್ದೆ. ಆದರೆ ಅವತ್ತು ಪಕ್ಕದಲ್ಲಿ ಒಬ್ಬೊಬ್ಬರೇ ಸರ್ರನೆ ದಾಟಿ ಹೋಗುತ್ತಿದ್ದರೆ ನನ್ನ ಕೈ ನಡುಗುತ್ತಿತ್ತು. ಹೊಸ ಟ್ಯೂಬನ್ನು ಟೈರ್ ಎಬ್ಬುವ ಲಿವರ್‌ಗೆ ಸಿಕ್ಕಿಸಿ ನಾನೇ ತೂತು ಮಾಡಿದೆ. ಇನ್ನೊಂದು ಇರಲಿಲ್ಲ. ನೀರಿನ ಬಾಟಲಿ ಹಿಡಿದು ಓಡಿಬಂದ ಸ್ವಯಂಸೇವಕ ಹುಡುಗನ ಮೇಲೆ ಕೂಗಾಡಿದೆ. ಅವನ ಮುಖ ಸಪ್ಪಗಾಗಿದ್ದು ಇನ್ನೂ ಕಣ್ಣ ಮುಂದೆ ಇದೆ. ರೇಸ್ ಹೋಗಿದ್ದಕ್ಕಿಂತ ಅದೇ ಜಾಸ್ತಿ ಚುಚ್ಚುತ್ತದೆ.

ಇಂಥ ಹೊತ್ತಿನಲ್ಲಿ ನೀವೆಲ್ಲ ಏನು ಮಾಡುತ್ತೀರಿ? "ಶಾಂತವಾಗಿರು" ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಅಂತ ಯಾರೂ ಹೇಳಲಿಲ್ಲ.

ವಾಸ್ಕೋ ಅಕ್ಕ:

ತಮ್ಮಾ, ಈಜಿನ ವಿಷಯ ನಾನು ಹೇಳುತ್ತೇನೆ, ಸೈಕಲ್ ಬೇರೆಯವರು ಹೇಳಲಿ. ನಾನು ಹದಿನೈದು ವರ್ಷದಿಂದ ವಾಸ್ಕೋದಲ್ಲಿದ್ದೇನೆ. ಮಳೆಗಾಲ ಬಿಟ್ಟು ಉಳಿದ ದಿನ ಬೈನಾದಲ್ಲೋ ಬೋಗ್ಮಾಳೋದಲ್ಲೋ ಈಜುತ್ತೇನೆ. ನಿನಗಾಗಿದ್ದು ನನಗೂ ಆಗಿದೆ, ಮೂರು ಸಲ.

ಎದೆ ಹಿಡಿದಾಗ ಗಾಳಿ ಸಾಲುತ್ತಿಲ್ಲ ಅನ್ನಿಸುತ್ತದೆ, ಅಲ್ವಾ? ಎಷ್ಟೋ ಸಲ ಆಗುವುದು ಬೇರೆ. ಗಾಬರಿಯಲ್ಲಿ ನಾವು ಎಳೆದುಕೊಳ್ಳುತ್ತಲೇ ಇರುತ್ತೇವೆ, ಪೂರ್ತಿ ಹೊರಗೆ ಬಿಡುವುದಿಲ್ಲ. ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುತ್ತದೆ, ಉಸಿರು ಕಟ್ಟಿದ ಹಾಗಾಗುವುದು ಅದರಿಂದ. ಅದಕ್ಕೇ ಮೊದಲು ಹೊರಗೆ ಬಿಡಬೇಕು. ಮಗುಚಿ ಅಂಗಾತ ಮಲಗು. ಉಪ್ಪುನೀರು ಎತ್ತಿ ಹಿಡಿಯುತ್ತದೆ, ಕೆರೆಯ ನೀರಿಗಿಂತ ಚೆನ್ನಾಗಿಯೇ ಹಿಡಿಯುತ್ತದೆ. ಆಕಾಶ ನೋಡುತ್ತಾ ತುಟಿ ಮೊನೆ ಮಾಡಿ ಬಿಸಿ ಚಹಾ ಆರಿಸುವ ಹಾಗೆ ಉದ್ದಕ್ಕೆ ಊದು, ಹತ್ತು ಸಲ. ಗಾಗಲ್ಸ್ ನೀರು ಚೆಲ್ಲು. ಆಮೇಲೆ ಹೊರಡು. ಇಷ್ಟಕ್ಕೆ ಒಂದು ನಿಮಿಷ ಹೋದರೆ ಹೋಗಲಿ.

ಕಾವಲಿಗಿರುವ ಸಣ್ಣ ದೋಣಿ, ಕಯಾಕ್, ಹತ್ತಿರ ಇದ್ದರೆ ಕೈ ಎತ್ತಿ ಕರೆ. ಹಿಡಿದು ನಿಂತರೆ ರೇಸಿಂದ ಹೊರಗೆ ಹಾಕುತ್ತಾರೆ ಅಂತ ಎಷ್ಟೋ ಜನ ಹೆದರುತ್ತಾರೆ. ಸಾಮಾನ್ಯವಾಗಿ ಹಾಗಿಲ್ಲ, ಅದು ನಿನ್ನನ್ನು ಮುಂದಕ್ಕೆ ಎಳೆದುಕೊಂಡು ಹೋಗಬಾರದು ಅಷ್ಟೇ. ರೇಸಿನ ಹಿಂದಿನ ದಿನ ನಿಯಮ ಹೇಳುವಾಗ ಎದ್ದು ನಿಂತು ಕೇಳಿಬಿಡು.

ಮತ್ತೆ ಪೂಲ್‌ನಲ್ಲಿ ಗಾಗಲ್ಸ್ ತುಂಬ ನೀರು ಹಾಕಿಕೊಂಡು ನಾಲ್ಕು ಸುತ್ತು ಈಜು. ಕಣ್ಣು ಮುಚ್ಚಿಕೊಂಡರೂ ಕೈ ನಡೆಯುತ್ತದೆ ಅಂತ ಮೈಗೆ ಗೊತ್ತಾಗಬೇಕು. ಒಬ್ಬನೇ ಮಾತ್ರ ಸಮುದ್ರಕ್ಕೆ ಇಳಿಯಬೇಡ.

ಮುಲುಂಡ್ ಸೈಕಲ್:

ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಹೂಂ. ನಾನು ಮುಂಬೈಯಲ್ಲಿ 22 ವರ್ಷದಿಂದ ಇದ್ದೇನೆ, ಪಾಮ್ ಬೀಚ್ ರಸ್ತೆಯಲ್ಲಿ ಎಷ್ಟು ಟ್ಯೂಬ್ ಬದಲಿಸಿದ್ದೇನೋ ಲೆಕ್ಕ ಇಟ್ಟಿಲ್ಲ.

ಧಾರವಾಡದವರೇ, 2008ರಲ್ಲಿ ಹವಾಯಿಯ ಕೋನಾದಲ್ಲಿ, ಐರನ್‌ಮ್ಯಾನ್ ಟ್ರಯಾಥ್ಲಾನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಕ್ರಿಸ್ಸಿ ವೆಲ್ಲಿಂಗ್ಟನ್‌ಗೂ ಹೀಗೇ ಆಗಿತ್ತು. ಹಿಂದಿನ ವರ್ಷದ ಚಾಂಪಿಯನ್ ಅವರು. ಸೈಕಲ್ ಪಂಕ್ಚರ್ ಆಯಿತು, ಗಾಳಿ ತುಂಬುವ ಸಿಲಿಂಡರ್ ಎರಡನ್ನೂ ಹಾಳು ಮಾಡಿಕೊಂಡರು, ರಸ್ತೆ ಪಕ್ಕದಲ್ಲಿ ನಿಂತೇ ಇರಬೇಕಾಯಿತು. ಕೊನೆಗೆ ಎದುರಾಳಿ ರೆಬೆಕಾ ಕೀಟ್ ತಮ್ಮ ಹತ್ತಿರ ಇದ್ದದ್ದನ್ನು ಕೊಟ್ಟು ಹೋದರು. ವೆಲ್ಲಿಂಗ್ಟನ್ ಗಾಳಿ ತುಂಬಿಕೊಂಡು ಹೊರಟು ಗೆದ್ದೇಬಿಟ್ಟರು. ಅಂಥವರ ಕೈಯಲ್ಲೂ ಸಿಲಿಂಡರ್ ವ್ಯರ್ಥವಾಗುತ್ತದೆ ಅಂದ ಮೇಲೆ ನೀವು ನಿಮ್ಮನ್ನು ಇಷ್ಟೊಂದು ಬೈದುಕೊಳ್ಳಬೇಡಿ.

ಗಾಬರಿಯಾದಾಗ ತಲೆ ಮುಂದಿನ ಮೂರು ಗಂಟೆಯನ್ನೆಲ್ಲ ಒಟ್ಟಿಗೆ ಎಣಿಸುತ್ತದೆ. ಕಟ್-ಆಫ್, ಅಂದರೆ ಮುಗಿಸಬೇಕಾದ ಗಡುವು, ಹೋಯಿತು, ಓಟ ಹೋಯಿತು, ಮನೆಯವರಿಗೆ ಏನು ಹೇಳಲಿ ಅಂತ. ಕೈಗೆ ಅದೆಲ್ಲ ಬೇಕಿಲ್ಲ, ಅದಕ್ಕೆ ಈಗ ಮಾಡಬೇಕಾದ ಒಂದು ಕೆಲಸ ಬೇಕು. ನಾನು ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ, ಕನ್ನಡದಲ್ಲೇ, ಜೋರಾಗಿ. "ಈಗ ಚಕ್ರ ಬಿಚ್ಚು." "ಈಗ ಟೈರಿನ ಒಳಗೆ ಬೆರಳು ಆಡಿಸು." ಇದನ್ನು ಬಿಡಲೇಬೇಡಿ, ನಿಧಾನಕ್ಕೆ ಸುತ್ತ ಬೆರಳಾಡಿಸಿದರೆ ಚುಚ್ಚಿದ ಗಾಜಿನ ಚೂರೋ ತಂತಿಯೋ ಸಿಗುತ್ತದೆ, ತೆಗೆಯದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ. "ಈಗ ಟ್ಯೂಬ್‌ಗೆ ಸ್ವಲ್ಪ ಬಾಯಿಂದ ಊದು." ದುಂಡಗೆ ನಿಲ್ಲುವಷ್ಟು ಗಾಳಿ ಇದ್ದರೆ ಅದು ಮಡಚಿಕೊಂಡು ಟೈರಿನ ಅಂಚಿಗೆ ಸಿಕ್ಕುವುದು ಕಡಿಮೆ. ಕೊನೆಯ ಗೇಣು ಟೈರನ್ನು ಲಿವರ್ ಹಾಕದೆ ಎರಡೂ ಹೆಬ್ಬೆರಳಿನಿಂದ ಒತ್ತಿ ಕೂರಿಸಿ. ನಿಮ್ಮ ಟ್ಯೂಬ್ ಹೋಗಿದ್ದು ಬಹುಶಃ ಇಲ್ಲೇ.

ಎರಡು ಟ್ಯೂಬ್ ಇಟ್ಟುಕೊಳ್ಳಿ. ಸಿಲಿಂಡರ್ ಜೊತೆ ಸಣ್ಣ ಪಂಪ್ ಕೂಡ ಇರಲಿ. ಮನೆಯಲ್ಲಿ ಸುಮ್ನೆ ಕೂತಾಗ ಚಕ್ರ ಬಿಚ್ಚಿ ಹಾಕಿ, ಹಿಂದಿನದನ್ನೇ. ದಣಿದು ಬಂದ ದಿನ ಮಾಡಿದರೆ ಇನ್ನೂ ಒಳ್ಳೆಯದು, ರೇಸಿನಲ್ಲಿ ಇರುವುದು ಅದೇ ಕೈ.

ಔಂಧ್ ಓಟಗಾತಿ:

ಇಬ್ಬರೂ ಹೇಳಿದ್ದು ಸರಿ, ಆದರೆ ಒಂದು ಮಾತು ಬಿಟ್ಟುಹೋಗಿದೆ. ಸಮಾಧಾನದಿಂದ ಇರುವುದು ಅಂದರೆ ಯಾವಾಗಲೂ ಮುಂದಕ್ಕೆ ಹೋಗುವುದು ಅಂತಲ್ಲ. ನನಗೆ ಗೋವಾದ ಬಿಸಿಲಿನಲ್ಲಿ ಓಡುವಾಗ ಹೊಟ್ಟೆ ನಿಂತೇಹೋಗಿತ್ತು, ಏನು ಕುಡಿದರೂ ವಾಂತಿ. ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಹೋಗುತ್ತದೆ, ಹೊಟ್ಟೆಗೆ ಕಡಿಮೆಯಾಗುತ್ತದೆ. ಅದು ಗೊತ್ತಿದ್ದರಿಂದ ಹೆದರಲಿಲ್ಲ. ನಡೆದೆ, ಟೋಪಿಯೊಳಗೆ ಐಸ್ ಇಟ್ಟುಕೊಂಡೆ, ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿದೆ. ಅರ್ಧ ಗಂಟೆಯಲ್ಲಿ ಸರಿಹೋಯಿತು.

ಮುಂದಿನ ಸಲ ಹಾಗಾಗಲಿಲ್ಲ. ತಲೆ ತಿರುಗಿತು, ಬಿಸಿಲಲ್ಲಿ ಚಳಿ ಬಂತು, ಸ್ವಯಂಸೇವಕಿ ಹೆಸರು ಕೇಳಿದರೆ ಉತ್ತರ ತಡವಾಯಿತು. ಅಲ್ಲೇ ಕೂತೆ, ವೈದ್ಯರನ್ನು ಕರೆಸಿದೆ. ಆ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ. ಬಾಯಾರಿಕೆಯ ಭಯಕ್ಕೆ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯಬೇಡಿ, ರಕ್ತದಲ್ಲಿ ಸೋಡಿಯಂ ಇಳಿದರೆ ಅದೂ ಅಪಾಯ.

ಕೋಥ್ರೂಡ್ ಧಾರವಾಡಿಗ:

ಅಕ್ಕಾ, ಅಣ್ಣಾ, ಔಂಧ್‌ನವರೇ, ಮೂವರದ್ದೂ ಎರಡೆರಡು ಸಲ ಓದಿದೆ. ನಿನ್ನೆ ರಾತ್ರಿ ಆಫೀಸಿಂದ ಬಂದು ಪಾರ್ಕಿಂಗ್‌ನಲ್ಲಿ ಹಿಂದಿನ ಚಕ್ರ ಬಿಚ್ಚಿದೆ, ಹೆಂಡತಿ ಮೊಬೈಲ್‌ನಲ್ಲಿ ಟೈಮ್ ನೋಡಿದಳು. ಮೊದಲ ಸಲ 19 ನಿಮಿಷ, ಎರಡನೇ ಸಲ 14. ಟೈರಿನೊಳಗೆ ಬೆರಳಾಡಿಸಿದಾಗ ಕೂದಲಿನಷ್ಟು ಸಣ್ಣ ತಂತಿ ಸಿಕ್ಕಿತು. ಅವತ್ತಿನದೇ ಇರಬೇಕು. ಎತ್ತಿಟ್ಟುಕೊಂಡಿದ್ದೇನೆ. ರೇಸ್ ನಡೆಸಿದವರಿಗೆ ಪತ್ರ ಬರೆದು ಆ ಹುಡುಗನಿಗೆ ನನ್ನ ಕ್ಷಮೆ ತಲುಪಿಸಿ ಅಂತ ಕೇಳಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ ಅಣ್ಣಾ. ಚಕ್ರ ವಾಪಸ್ ಹಾಕುವಾಗ ಚೈನ್ ಪ್ರತಿ ಸಲ ಅಡ್ಡ ಬರುತ್ತದೆ.

ಮುಲುಂಡ್ ಸೈಕಲ್:

ಬಿಚ್ಚುವ ಮೊದಲೇ ಚೈನನ್ನು ಹಿಂದಿನ ಹಲ್ಲುಚಕ್ರಗಳಲ್ಲಿ ಎಲ್ಲಕ್ಕಿಂತ ಸಣ್ಣದಕ್ಕೆ ಹಾಕಿಬಿಡಿ. ವಾಪಸ್ ಹಾಕುವಾಗ ಡಿರೇಲರನ್ನು, ಅಂದರೆ ಚೈನ್ ಸರಿಸುವ ಹಿಂದಿನ ತೋಳನ್ನು, ಕೈಯಿಂದ ಹಿಂದಕ್ಕೆ ಎಳೆದು ಹಿಡಿದು, ಚೈನನ್ನು ಅದೇ ಸಣ್ಣ ಹಲ್ಲುಚಕ್ರದ ಮೇಲೆ ಕೂರಿಸಿ, ಚಕ್ರ ಒಳಗೆ ತಳ್ಳಿ. ಭಾನುವಾರ ಮಾಡಿ ನೋಡಿ, ಎಷ್ಟು ನಿಮಿಷ ಆಯಿತು ಅಂತ ಇಲ್ಲಿ ಹಾಕಿ.